ಹಗ್ಗ ಹಿಡಿಯುವವರಿಗೆ: ಅಂಗವೈಕಲ್ಯವಿರುವ ಮಗು ಕುದುರೆಯ ಮೇಲಿದ್ದಾಗ ನೆಲದ ಮೇಲಿರುವವರ ಕೆಲಸ

ನನ್ನ ತಂದೆ ಹುಬ್ಬಳ್ಳಿ ರೈಲು ನಿಲ್ದಾಣದ ಎದುರು ಟಾಂಗಾ ಹೊಡೆಯುತ್ತಿದ್ದರು. ಆಟೋರಿಕ್ಷಾಗಳು ಬಂದು ಟಾಂಗಾಕ್ಕೆ ಗಿರಾಕಿ ಇಲ್ಲದಂತಾದಾಗ ಕುದುರೆಯನ್ನು ಮಾರಿದರು, ಲಗಾಮನ್ನು ಮಾರಲಿಲ್ಲ. ಅದು ಈಗಲೂ ನಮ್ಮ ಪಡಸಾಲೆಯ ಗೂಟದಲ್ಲಿ ತೂಗುತ್ತಿದೆ. ನಾನು ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದೆ. ಈಗ ಭಾನುವಾರ ಬೆಳಿಗ್ಗೆ ಧಾರವಾಡದಾಚೆ ಅಳ್ನಾವರ ರಸ್ತೆಯ ಕಡೆಗಿರುವ ಒಂದು ಮಾವಿನ ತೋಟದಲ್ಲಿ ಹೆಣ್ಣು ಕುದುರೆಯೊಂದರ ಹಗ್ಗ ಹಿಡಿದು ನಡೆಯುತ್ತೇನೆ. ಅದರ ಬೆನ್ನ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಮಕ್ಕಳು ಕೂರುತ್ತಾರೆ. ಕುದುರೆಯ ಹೆಸರು ಬಿಜಲಿ. ಹೆಸರಿಗೂ ನಡೆಗೂ ಸಂಬಂಧವಿಲ್ಲ, ನಡೆ ಎಮ್ಮೆಯದು. ನಮಗೆ ಬೇಕಾದದ್ದೂ ಅದೇ.

ವ್ಯಾಯಾಮ ಏನು, ಎಷ್ಟು ಹೊತ್ತು, ಯಾವ ಮಗುವನ್ನು ಹೇಗೆ ಕೂರಿಸಬೇಕು ಎಂಬುದನ್ನೆಲ್ಲ ನಮ್ಮ ಫಿಸಿಯೋಥೆರಪಿಸ್ಟ್ ನೋಡಿಕೊಳ್ಳುತ್ತಾರೆ. ಅದು ಅವರ ವಿದ್ಯೆ, ನನ್ನದಲ್ಲ. ಆದರೆ ಸಹಾಯಕ್ಕೆಂದು ಬರುವ ಕಾಲೇಜು ಹುಡುಗರು, ಮಕ್ಕಳ ಅಪ್ಪಂದಿರು, ಸೋದರಮಾವಂದಿರು ಎಲ್ಲರಿಗೂ ಒಂದೇ ಪಾಠವನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬರೆದಿಟ್ಟರೆ ಓದಿಕೊಂಡು ಬರುತ್ತಾರೆ ಎಂಬ ಆಸೆ.

ಬರುವವರಲ್ಲಿ ಹೆಚ್ಚಿನವರು ಮುಖ್ಯ ಕೆಲಸವೆಂದರೆ ಮಗುವನ್ನು ಕುದುರೆ ಹತ್ತಿಸುವುದು ಎಂದು ತಿಳಿದಿರುತ್ತಾರೆ. ಹತ್ತಿಸಿದರು, ಫೋಟೊ ತೆಗೆದರು, ಮುಗಿಯಿತು. ಹತ್ತಿ ಕೂರುವುದರಿಂದ ಮಗುವಿಗೆ ಸಂತೋಷ ಸಿಗಬಹುದು, ಪ್ರಯೋಜನ ಸಿಗುವುದು ಕುದುರೆ ನಡೆದಾಗ. ನಾವು ನಡೆಯುವಾಗ ನಮ್ಮ ಸೊಂಟ ಏನು ಮಾಡುತ್ತದೆ ಎಂದು ಯಾರೂ ಗಮನಿಸುವುದಿಲ್ಲ. ಅದು ಹಿಂದುಮುಂದಕ್ಕೆ ವಾಲುತ್ತದೆ, ಎಡಬಲಕ್ಕೆ ಏರಿಳಿಯುತ್ತದೆ, ಜೊತೆಗೆ ತುಸು ತಿರುಗುತ್ತದೆ. ನಡೆಯುವ ಕುದುರೆಯ ಬೆನ್ನು ತನ್ನ ಮೇಲೆ ಕುಳಿತವರ ಸೊಂಟಕ್ಕೆ ಹೆಚ್ಚುಕಡಿಮೆ ಇದೇ ಮೂರು ಚಲನೆಗಳನ್ನು ಕೊಡುತ್ತದೆ. ಸ್ವಂತ ಕಾಲಿನಲ್ಲಿ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಸೊಂಟ ಕುದುರೆಯ ಮೇಲೆ ನಡೆಯುತ್ತದೆ. ಬಿಜಲಿ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಹಾಕುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಎರಡೂವರೆ ಸಾವಿರ. ಅಷ್ಟು ಸಲ ಮಗುವಿನ ಮೈ ತುಸು ವಾಲಿ, ನಡುವಿಗೆ ಮರಳುತ್ತದೆ. ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಅಷ್ಟು ಸಲ ಕೆಲಸ. ಕುದುರೆಯ ಮೈಯ ಶಾಖ ನಮಗಿಂತ ಒಂದು ಡಿಗ್ರಿಯಷ್ಟು ಹೆಚ್ಚು. ಬಿಗಿದ ತೊಡೆಗಳು ಆ ಬೆಚ್ಚನೆಯ ಬೆನ್ನಿನ ಮೇಲೆ ಹತ್ತು ನಿಮಿಷದಲ್ಲಿ ಸಡಿಲವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದಕ್ಕೆ ಹಿಪ್ಪೋಥೆರಪಿ ಎನ್ನುತ್ತಾರೆ. ಹಿಪ್ಪೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕುದುರೆ. ಈ ಹೆಸರು ಕೇಳಿದ ನಮ್ಮ ತೋಟದ ಮಾಲಿ ನೀರಾನೆ ತರಿಸುತ್ತಾರೇನೋ ಎಂದು ಒಂದು ವಾರ ಹೆದರಿದ್ದ. ಕುದುರೆಯ ಚಲನೆಯನ್ನೇ ಚಿಕಿತ್ಸೆಯಾಗಿ ಥೆರಪಿಸ್ಟ್ ಬಳಸಿದರೆ ಅದು ಹಿಪ್ಪೋಥೆರಪಿ. ಮಗುವಿಗೆ ಸವಾರಿಯನ್ನೇ ಕಲಿಸುತ್ತಾ ಹೋದರೆ ಅದು ಬೇರೆ, ಅಲ್ಲಿ ತರಬೇತಾದ ಸವಾರಿ ಶಿಕ್ಷಕರು ಬೇಕು. ಎರಡರಲ್ಲಿ ಯಾವುದೂ ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿಯನ್ನಾಗಲಿ ಆಟಿಸಂ ಅನ್ನಾಗಲಿ ವಾಸಿಮಾಡುವುದಿಲ್ಲ. ಕೂರುವ ಹತೋಟಿ, ಸಮತೋಲ ಸುಧಾರಿಸಬಹುದು. ಮನೆಯ ವ್ಯಾಯಾಮವನ್ನು ಬಿಟ್ಟು ಇದೊಂದನ್ನೇ ನಂಬುವ ತಾಯಿತಂದೆಯರಿಗೆ ನಮ್ಮ ಥೆರಪಿಸ್ಟ್ ಚೆನ್ನಾಗಿ ಬೈಯುತ್ತಾರೆ.

ಇದೇನು ಹೊಸ ಹುಚ್ಚು ಎಂದು ಕೇಳುವವರಿಗೆ ನಾನು ಲಿಸ್ ಹಾರ್ಟೆಲ್ ಅವರ ಕತೆ ಹೇಳುತ್ತೇನೆ. ಡೆನ್ಮಾರ್ಕ್‌ನ ಈ ಸವಾರರಿಗೆ 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಪೋಲಿಯೊ ಬಡಿಯಿತು. ಮೊಣಕಾಲಿನ ಕೆಳಗೆ ಸ್ವಾಧೀನ ಮರಳಲೇ ಇಲ್ಲ. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆಯನ್ನು ಸನ್ನೆಯಿಂದಲೇ ಅಚ್ಚುಕಟ್ಟಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು, 1956ರಲ್ಲಿ ಇನ್ನೊಮ್ಮೆ ಗೆದ್ದರು. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ಕೈ ಬೇಕಿತ್ತು. ಪದಕದ ಸುದ್ದಿ ಕೇಳಿ ಎಲ್ಲರೂ ತಲೆದೂಗುತ್ತಾರೆ. ಹತ್ತಿಸಿದ ಆ ಕೈ ಯಾರದ್ದಿತ್ತೋ ಎಂದು ನನಗೆ ಕುತೂಹಲ. ಈ ಬರಹ ಅಂಥ ಕೈಗಳಿಗಾಗಿ.

ಮಗು ತೋಟಕ್ಕೆ ಬರುವ ಮೊದಲು ಆಗಬೇಕಾದ ಕೆಲಸವೊಂದಿದೆ: ವೈದ್ಯರ ಪತ್ರ. ಇದರಲ್ಲಿ ನಾವು ದಾಕ್ಷಿಣ್ಯ ತೋರುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೊದಲೆರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಕುದುರೆಯ ಮೇಲಿನ ಒಂದು ಕುಲುಕು ಅಲ್ಲಿನ ನರಹುರಿಗೆ ಪೆಟ್ಟು ಕೊಡಬಹುದು. ಹತೋಟಿಗೆ ಬಾರದ ಮೂರ್ಛೆರೋಗ, ಜಾರಿದ ಸೊಂಟದ ಕೀಲು, ಹೆಚ್ಚು ಡೊಂಕಾದ ಬೆನ್ನು, ಬೆನ್ನುಮೂಳೆಗೆ ಹಾಕಿದ ಲೋಹದ ಸಲಾಕೆ, ಸುಲಭವಾಗಿ ಮುರಿಯುವ ಎಲುಬು, ಕೂರುವ ಜಾಗದಲ್ಲಿ ಹುಣ್ಣು, ಕುದುರೆಯ ಕೂದಲಿಗೆ ಉಬ್ಬಸ ಬರುವ ಅಲರ್ಜಿ ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಒಪ್ಪುವ ತನಕ ಇಲ್ಲ. ಎರಡು ವರ್ಷದ ಒಳಗಿನ ಕೂಸು ಎಂದರೆ ಇಲ್ಲವೇ ಇಲ್ಲ. ಒಮ್ಮೆ ನವಲಗುಂದದ ಕಡೆಯಿಂದ ಒಂದು ಕುಟುಂಬ ನಸುಕಿನ ಬಸ್ಸು ಹಿಡಿದು ಬಂದಿತ್ತು. ಹುಡುಗನಿಗೆ ಡೌನ್ ಸಿಂಡ್ರೋಮ್, ಕತ್ತಿನ ಎಕ್ಸ್-ರೇ ಆಗಿರಲಿಲ್ಲ. ಆ ದಿನ ಕುದುರೆಯ ಮೈ ತಿಕ್ಕುವುದು, ಬಕೆಟ್‌ನಲ್ಲಿ ನೀರು ಕೊಡುವುದು ಇಷ್ಟನ್ನೇ ಮಾಡಿಸಿ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೋಗಿ ಕತ್ತು ತೋರಿಸಿಕೊಂಡು ಬನ್ನಿ ಎಂದೆವು. ಹುಡುಗನ ಅಜ್ಜ ನನಗೆ ಬೆನ್ನು ತಿರುಗಿಸಿ ಹೋದರು. ಮೂರು ವಾರ ಬಿಟ್ಟು ವೈದ್ಯರ ಪತ್ರದೊಂದಿಗೆ ಬಂದಾಗಲೂ ನನ್ನ ಜೊತೆ ಮಾತಾಡಲಿಲ್ಲ. ಈಗ ಚಹಾ ತಂದುಕೊಡುತ್ತಾರೆ.

ಕುದುರೆಯ ಆಯ್ಕೆಯ ವಿಷಯ. ಎಳೆಯ ಕುದುರೆ ಬೇಡ. ಎಂಟು ವರ್ಷ ದಾಟಿರಬೇಕು, ಕುಂಟು ಇರಬಾರದು, ನಾಲ್ಕು ಕಾಲಿನ ಹೆಜ್ಜೆ ಸಮವಾಗಿರಬೇಕು. ಹೆಜ್ಜೆಯೇ ಔಷಧಿಯಾದ ಮೇಲೆ ಕುಂಟುವ ಕುದುರೆ ಕೊಡುವುದು ಕೆಟ್ಟ ಔಷಧಿ. ಎತ್ತರ 13ರಿಂದ 15 ಗೇಣಿನ ಒಳಗಿದ್ದರೆ ಅನುಕೂಲ. ಕುದುರೆ ಅಳೆಯುವ ಈ ಗೇಣು ನಮ್ಮ ಗೇಣಲ್ಲ, ನಾಲ್ಕು ಅಂಗುಲದ್ದು. ಬಿಜಲಿ ಭುಜದ ಬಳಿ 137 ಸೆಂಟಿಮೀಟರ್, ಅಂದರೆ ಹದಿಮೂರೂವರೆ ಗೇಣು. ಹದಿನೈದು ಗೇಣಿಗಿಂತ ಎತ್ತರವಾದರೆ ಪಕ್ಕದಲ್ಲಿ ನಡೆಯುವವರ ಕೈ ಮಗುವಿನ ಸೊಂಟಕ್ಕೆ ಎಟುಕುವುದಿಲ್ಲ.

ಭಾರದ ಲೆಕ್ಕವನ್ನು ಅಂದಾಜಿನಲ್ಲಿ ಬಿಡಬೇಡಿ, ಅಳತೆಯಿಲ್ಲದ ಕೆಲಸ ಫಿಟ್ಟರನಾದ ನನಗೆ ಒಗ್ಗುವುದಿಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ. ಅದನ್ನು 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. ಬಿಜಲಿಯ ಸುತ್ತಳತೆ 160, ಉದ್ದ 145, ತೂಕ ಸುಮಾರು 312 ಕಿಲೋ. ಜೀನು ಸಮೇತ ಕುದುರೆ ಹೊರಬಹುದಾದದ್ದು ತನ್ನ ತೂಕದ ಶೇಕಡಾ 20 ಎನ್ನುತ್ತಾರೆ. ಆದರೆ ನಮ್ಮ ಸವಾರರು ಒಂದು ಬದಿಗೆ ವಾಲುತ್ತಾರೆ, ವಾಲಿದ ಭಾರ ಕುದುರೆಯ ಬೆನ್ನಿಗೆ ಹೆಚ್ಚಾಗುತ್ತದೆ. ಅದಕ್ಕೆ ನಾನು 15ಕ್ಕೇ ನಿಲ್ಲಿಸುತ್ತೇನೆ. ಅಂದರೆ 46 ಕಿಲೋ. ಪೋಲಿಯೊದಿಂದ ಕಾಲು ಸೋತ ನನ್ನದೇ ವಯಸ್ಸಿನ ಗೆಳೆಯನೊಬ್ಬ ಒಂದು ಸುತ್ತು ಹತ್ತಿಸೆಂದು ಕೇಳಿದಾಗ ಇಲ್ಲವೆನ್ನಬೇಕಾಯಿತು. ಅವನ ತೂಕ 74. ದೊಡ್ಡವರಿಗೆ ದೊಡ್ಡ ಕುದುರೆಯೇ ಬೇಕು.

ಇನ್ನೂ ಒಂದು ಕಾಗದ ಬೇಕು, ಅದು ಕುದುರೆಯದು. ಗ್ಲ್ಯಾಂಡರ್ಸ್ ಎಂಬ ಕಾಯಿಲೆ ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಅಂಟುತ್ತದೆ. ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲವೆಂಬ ವರದಿಯನ್ನು ಇಟ್ಟುಕೊಂಡಿರಬೇಕು. ಲಾಯದಲ್ಲಿ ಓಡಾಡುವ ಎಲ್ಲರಿಗೂ ಧನುರ್ವಾಯು ಚುಚ್ಚುಮದ್ದು ಆಗಿರಬೇಕು.

ಹತ್ತಿಸುವ ಇಳಿಜಾರು ಕಟ್ಟೆಯಲ್ಲಿ ನಾವು ಒಮ್ಮೆ ಎಡವಿದ್ದೇವೆ. ಗೌಂಡಿಗೆ ಎರಡು ಅಡಿ ಎತ್ತರ ಎಂದಷ್ಟೇ ಹೇಳಿ ನಾನು ಊರಿಗೆ ಹೋಗಿದ್ದೆ. ಆತ ಎತ್ತಿನ ಗಾಡಿಗೆ ಹೇರು ಏರಿಸುವಂತೆ ಕಡಿದಾದ ದಿಬ್ಬ ಕಟ್ಟಿಟ್ಟಿದ್ದ. ಗಾಲಿಕುರ್ಚಿ ಹತ್ತಿಸಲು ಇಬ್ಬರು ತಳ್ಳಬೇಕಾಯಿತು, ಇಳಿಸುವಾಗ ಇಬ್ಬರು ಎಳೆದು ಹಿಡಿಯಬೇಕಾಯಿತು. ಒಡೆಸಿ ಮತ್ತೆ ಕಟ್ಟಿಸಿದೆವು. ಲೆಕ್ಕ ಒಂದಕ್ಕೆ ಹನ್ನೆರಡು: 60 ಸೆಂಟಿಮೀಟರ್ ಎತ್ತರಕ್ಕೆ 7 ಮೀಟರ್ 20 ಸೆಂಟಿಮೀಟರ್ ಉದ್ದ. ಎರಡು ಬದಿಗೂ ಕೈಕಂಬಿ, ಮೇಲೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬೇಕು. ಕುದುರೆ ನಿಲ್ಲುವ ಸಂದಿನ ಇನ್ನೊಂದು ಬದಿಗೆ ಒಬ್ಬರು ನಿಲ್ಲಲು ಗಟ್ಟಿ ಪೀಠ ಇರಲಿ.

ತೋಟದ ಮಣ್ಣು ಮಸಾರಿ, ಅಂದರೆ ಕೆಂಪು ಮಣ್ಣು. ಮಳೆ ನಿಂತ ಮಾರನೆಯ ದಿನ ನಡೆಸಬಹುದು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆ ಹೊಲದವರು ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಮರಳಿನ ಹಾದಿ ಹಾಸಿಕೊಳ್ಳಿ. ಎರೆಯಲ್ಲಿ ಸಿಕ್ಕ ಗೊರಸನ್ನು ಕುದುರೆ ಕಿತ್ತು ಕಿತ್ತು ಇಡುತ್ತದೆ, ಮೇಲಿನ ಮಗು ಜೋಲಿ ಹೊಡೆಯುತ್ತದೆ. ನಮ್ಮಲ್ಲಿ ಮಾವಿನ ಸಾಲುಗಳ ನಡುವೆ ಹತ್ತು ಮೀಟರ್ ಇದೆ. ಮೂರು ಮೀಟರ್ ಎತ್ತರದವರೆಗಿನ ಕೊಂಬೆಗಳನ್ನೆಲ್ಲ ಸವರಿದ್ದೇವೆ. ಒಂದೇ ಮರವನ್ನು ಸುತ್ತುವುದಿಲ್ಲ. ಸಣ್ಣ ಸುತ್ತಿನಲ್ಲಿ ಮಗು ಹೊರಕ್ಕೆ ಜಾರುತ್ತದೆ, ಕುದುರೆಯ ಕಾಲೂ ದಣಿಯುತ್ತದೆ. ಎರಡು ಮರಗಳನ್ನು ಸೇರಿಸಿ ಸುತ್ತಬೇಕು, ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ.

ಈಗ ಹಗ್ಗ.

ಕುದುರೆಯ ಎಡಕ್ಕೆ, ತಲೆ ಮತ್ತು ಭುಜದ ನಡುವೆ ನಿಲ್ಲಿ. ಬಲಗೈಯಲ್ಲಿ ಕೊಕ್ಕೆಯಿಂದ ಒಂದು ಗೇಣು ಕೆಳಗೆ ಹಗ್ಗ ಹಿಡಿಯಿರಿ. ಇದು ನಮ್ಮ ಗೇಣು, ಗೊಂದಲ ಬೇಡ. ಉಳಿದ ಹಗ್ಗವನ್ನು ಮಡಿಕೆ ಮಡಿಕೆಯಾಗಿ ಎಡಗೈಯಲ್ಲಿ ಇಟ್ಟುಕೊಳ್ಳಿ. ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ. ಕುದುರೆ ಒಮ್ಮೆ ಹಿಂದಕ್ಕೆ ಜಗ್ಗಿದರೆ ಸುತ್ತಿದ ಹಗ್ಗ ಬೆರಳನ್ನು ಬಿಡುವುದಿಲ್ಲ. ಟಾಂಗಾ ಸ್ಟ್ಯಾಂಡಿನಲ್ಲಿ ನನ್ನ ತಂದೆಯ ಜೊತೆಗಾರರೊಬ್ಬರಿಗೆ ಒಂದು ಕೈಯಲ್ಲಿ ನಾಲ್ಕೇ ಬೆರಳಿದ್ದವು, ನಾನು ಚಿಕ್ಕವನಿದ್ದಾಗ ಅವರು ಹಾಗೆಯೇ ಹುಟ್ಟಿದವರೆಂದು ತಿಳಿದಿದ್ದೆ.

ಹೊಸಬರು ಮಾಡುವ ದೊಡ್ಡ ತಪ್ಪು ಹಗ್ಗವನ್ನು ಬಿಗಿ ಹಿಡಿಯುವುದು. ಮೇಲೆ ಮಗು ಇದೆಯೆಂಬ ಹೆದರಿಕೆಯಿಂದ ಕೊಕ್ಕೆಯ ಬುಡಕ್ಕೇ ಕೈ ಹಾಕಿ ಕುದುರೆಯ ತಲೆಗೆ ಜೋತು ಬೀಳುತ್ತಾರೆ. ಕುದುರೆ ನಡೆಯುವಾಗ ಪ್ರತಿ ಹೆಜ್ಜೆಗೂ ತಲೆ ತೂಗಬೇಕು. ತಲೆ ಕಟ್ಟಿದರೆ ಬೆನ್ನು ಸೆಟೆಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಮಗುವಿನ ಸೊಂಟಕ್ಕೆ ಸಿಗಬೇಕಾದ ಚಲನೆ ಕುಗ್ಗುತ್ತದೆ. ಔಷಧಿಯ ಪ್ರಮಾಣ ನಿಮ್ಮ ಮುಷ್ಟಿಯಲ್ಲಿದೆ ಎಂದು ನಾನು ಹೇಳುವುದು ಇದಕ್ಕೇ. ಥೆರಪಿಸ್ಟ್ ಉದ್ದ ಹೆಜ್ಜೆ ಬೇಕೆಂದರೆ ನೀವೇ ಉದ್ದ ಹೆಜ್ಜೆ ಹಾಕಿ, ಕುದುರೆ ಹಾಕುತ್ತದೆ. ಗಿಡ್ಡ ಬೇಕೆಂದರೆ ನೀವು ಗಿಡ್ಡ ಹಾಕಿ. ನೋಟ ಮುಂದಿನ ಮರದ ಮೇಲಿರಲಿ. ತಿರುಗಿ ಕುದುರೆಯ ಮುಖ ನೋಡುತ್ತಾ ನಡೆದರೆ ಅದು ನಿಲ್ಲುತ್ತದೆ, ತಪ್ಪು ಅದರದ್ದಲ್ಲ. ಬಲಕ್ಕೆ ತಿರುಗುವಾಗ ಅದರ ತಲೆಯನ್ನು ನಿಮ್ಮಿಂದ ಆಚೆಗೆ ತಳ್ಳಿ. ನಿಮ್ಮತ್ತ ಎಳೆದುಕೊಂಡರೆ ನಿಮ್ಮ ಪಾದದ ಮೇಲೆ 312 ಕಿಲೋದ ಒಂದು ಪಾಲು ಬರುತ್ತದೆ. ಕೊಲ್ಲಾಪುರಿ ಚಪ್ಪಲಿ ಹಾಕಿಕೊಂಡು ಬಂದವರನ್ನು ನಾನು ಬೇಲಿಯಾಚೆಯೇ ನಿಲ್ಲಿಸುತ್ತೇನೆ.

ನಿಲ್ಲಿಸುವುದನ್ನು ನಡೆಸುವುದಕ್ಕಿಂತ ಹೆಚ್ಚು ಅಭ್ಯಾಸ ಮಾಡಬೇಕು. ತಟ್ಟನೆ ನಿಂತರೆ ಮಗುವಿನ ಮೈ ಮುಂದಕ್ಕೆ ಮುಗ್ಗರಿಸುತ್ತದೆ. "ನಿಲ್ಲುತ್ತೇವೆ" ಎಂದು ಮೊದಲು ಹೇಳಿ, ಮೂರು ಹೆಜ್ಜೆಯಲ್ಲಿ ನಿಧಾನಿಸಿ, ನಾಲ್ಕನೆಯದಕ್ಕೆ ನಿಲ್ಲಿ. ನನ್ನ ತಂದೆ ಟಾಂಗಾದ ಸೀಟಿನ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಚೆಲ್ಲದಂತೆ ನಿಲ್ಲಿಸು ಎನ್ನುತ್ತಿದ್ದರು. ಹತ್ತು ವರ್ಷದವನಿದ್ದಾಗ ನನ್ನ ಬೇಸಿಗೆ ರಜೆಯೆಲ್ಲ ಆ ತಂಬಿಗೆಯಲ್ಲೇ ಕಳೆಯಿತು. ಈಗ ಹೊಸಬರಿಗೆ ಜೀನಿನ ಮೇಲೆ ತಂಬಿಗೆ ಇಡಲಾಗುವುದಿಲ್ಲ, ಆದ್ದರಿಂದ ಅವರನ್ನೇ ಕುದುರೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಎರಡು ಸಲ ತಟ್ಟನೆ ನಿಲ್ಲಿಸುತ್ತೇನೆ. ಮೂರನೆಯ ಸಲ ವಿವರಣೆ ಬೇಕಾಗುವುದಿಲ್ಲ. ಕುದುರೆಯ ತೂಕಕ್ಕೆ ಹೊಂದುವವರಿಗೆ ಮಾತ್ರ ಈ ಪಾಠ, ಉಳಿದವರು ನಂಬಬೇಕು. ನಿಂತ ಮೇಲೆ ಹಗ್ಗದವರು ತಿರುಗಿ ಕುದುರೆಗೆ ಎದುರಾಗಿ, ತುಸು ಬದಿಗೆ ನಿಲ್ಲಬೇಕು. ನೇರ ಹಣೆಯ ಮುಂದೆ ಕುದುರೆಗೆ ಕಾಣುವುದಿಲ್ಲ, ಬಾಲದ ಹಿಂದೆಯೂ ಕಾಣುವುದಿಲ್ಲ. ಸುತ್ತ ಉಳಿದದ್ದೆಲ್ಲ ಕಾಣುತ್ತದೆ.

ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿಯನ್ನು ಎರಡು ಸಲ ಬಿಗಿಯಬೇಕು: ಹತ್ತಿಸುವ ಮೊದಲೊಮ್ಮೆ, ನಾಲ್ಕೈದು ನಿಮಿಷ ನಡೆಸಿ ನಿಲ್ಲಿಸಿ ಇನ್ನೊಮ್ಮೆ. ಬಿಜಲಿ ಪಟ್ಟಿ ನೋಡಿದೊಡನೆ ಉಸಿರೆಳೆದು ಹೊಟ್ಟೆ ಉಬ್ಬಿಸುತ್ತದೆ, ಆಮೇಲೆ ಬಿಡುತ್ತದೆ.

ಮಗುವಿಗೆ ಸವಾರಿಯ ಹೆಲ್ಮೆಟ್ಟೇ ಬೇಕು. ಬೈಕಿನದ್ದು ಭಾರ, ಸೋತ ಕತ್ತು ಅದನ್ನು ಹೊರಲಾರದು. ಹೆಣ್ಣುಮಕ್ಕಳಿಗೆ ತಾಯಂದಿರು ಪ್ರೀತಿಯಿಂದ ಜಡೆ ಹೆಣೆದು, ಕ್ಲಿಪ್ಪು ಚುಚ್ಚಿ, ಮಲ್ಲಿಗೆ ಮುಡಿಸಿ ಕರೆತರುತ್ತಾರೆ. ಕ್ಲಿಪ್ಪು, ಹೂವು, ಗಾಜಿನ ಬಳೆ, ಕಾಲ್ಗೆಜ್ಜೆ ಎಲ್ಲವನ್ನೂ ತೆಗೆಸಬೇಕು. ಹೂವನ್ನು ಹಾಳುಮಾಡುವುದಿಲ್ಲ, ಕೈಕಂಬಿಗೆ ಸುತ್ತಿಡುತ್ತೇವೆ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಮಗುವನ್ನು ಜೀನಿಗೆ ಕಟ್ಟಬಾರದು. ಒಬ್ಬ ಅಜ್ಜಿ ಬೀಳದಿರಲೆಂದು ಇಳಕಲ್ ಸೀರೆಯ ಒಂದು ತುಂಡನ್ನೇ ತಂದಿದ್ದರು. ಕುದುರೆ ಮುಗ್ಗರಿಸಿದರೆ ಬಿಟ್ಟ ಮಗು ಪಕ್ಕದವರ ಕೈಗೆ ಬರುತ್ತದೆ, ಕಟ್ಟಿದ ಮಗು ಕುದುರೆಯ ಕೆಳಗೆ ಹೋಗುತ್ತದೆ. ಅಜ್ಜಿ ಆ ತುಂಡನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ಇಪ್ಪತ್ತೈದು ನಿಮಿಷವೂ ಹನುಮಪ್ಪನ ಹೆಸರು ಹೇಳುತ್ತಾ ನಮ್ಮ ಹಿಂದೆಯೇ ನಡೆದರು. ಅದಕ್ಕೆ ಅಡ್ಡಿಯಿಲ್ಲ, ಕುದುರೆಯ ನೇರ ಹಿಂದೆ ಮಾತ್ರ ಬರಬೇಡಿ ಎಂದೆ.

ಪಕ್ಕದಲ್ಲಿ ನಡೆಯುವವರು ಇಬ್ಬರು, ಬದಿಗೊಬ್ಬರು. ಅವರ ಜಾಗ ಮಗುವಿನ ಮೊಣಕಾಲಿನ ಪಕ್ಕ. ಕುದುರೆಯ ಕಡೆಗಿನ ಮುಂದೋಳನ್ನು ಮಗುವಿನ ತೊಡೆಯ ಮೇಲೆ ಹಗುರವಾಗಿ ಇಟ್ಟು, ಬೆರಳುಗಳಿಂದ ಜೀನಿನ ಮುಂಭಾಗವನ್ನು ಹಿಡಿಯಬೇಕು. ಇನ್ನೊಂದು ಕೈ ಬೇಕೆನಿಸಿದರೆ ಹಿಮ್ಮಡಿಗೆ. ಸೊಂಟದ ಪಟ್ಟಿ ಹಿಡಿದು ಕೆಳಕ್ಕೆ ಜಗ್ಗುವುದು ಕೆಟ್ಟ ಚಾಳಿ. ನೀವು ಎಡಕ್ಕೆ ಜಗ್ಗಿದಷ್ಟೂ ಮಗು ಬಲಕ್ಕೆ ಸೆಟೆಯುತ್ತದೆ. ವಾಲಿದ ಮಗುವನ್ನು ಒಡನೆಯೇ ಎತ್ತಿ ಕೂರಿಸುವುದೂ ಬೇಡ. ಎರಡು ಹೆಜ್ಜೆ ತಡೆಯಿರಿ, ತಾನೇ ಮರಳಿ ಬರುತ್ತದೆಯೋ ನೋಡಿ. ಆ ಎರಡು ಹೆಜ್ಜೆಗಾಗಿಯೇ ಇಷ್ಟೆಲ್ಲ ಏರ್ಪಾಡು. ಬಾರದಿದ್ದರೆ ಕುದುರೆಯನ್ನು ನಿಲ್ಲಿಸಿ ಸರಿಪಡಿಸಿ. ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ. ನಾಚಿಕೆ ಬಿಟ್ಟು ಹೇಳಿ, ನಿಂತ ಮೇಲೆ ಒಬ್ಬೊಬ್ಬರಾಗಿ ಬದಿ ಬದಲಿಸಿ, ಇಬ್ಬರೂ ಒಟ್ಟಿಗೆ ಕೈ ಬಿಡಬೇಡಿ. ಮೊಬೈಲ್ ಬೇಲಿಯ ಹೊರಗಿರಲಿ. ಜೇಬಿನಲ್ಲಿ ಪೇಡೆಯೂ ಬೇಡ. ಬಿಜಲಿಗೆ ಮದುವೆ ಮನೆಗಳ ಸಿಹಿಯ ರುಚಿ ಹತ್ತಿದೆ, ವಾಸನೆ ಬಂದ ಜೇಬನ್ನು ಹರಿಯುವ ತನಕ ಬಿಡುವುದಿಲ್ಲ.

ಮಾತಿನ ವಿಷಯದಲ್ಲೂ ಶಿಸ್ತು ಬೇಕು. ಮಗುವಿನ ಜೊತೆ ಒಬ್ಬರೇ ಮಾತಾಡಬೇಕು. ಎಡಗಡೆಯವರು "ಕೈ ಎತ್ತು" ಎನ್ನುವುದು, ಬಲಗಡೆಯವರು "ಭಲೆ ಭಲೆ" ಎನ್ನುವುದು, ಬೇಲಿಯಾಚೆಯಿಂದ ಚಿಕ್ಕಪ್ಪ "ಇಲ್ಲಿ ನೋಡು" ಎಂದು ಕೂಗುವುದು ಒಟ್ಟಿಗೆ ನಡೆದರೆ, ಆಟಿಸಂ ಇರುವ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ನಾನಾದರೂ ಮುಚ್ಚಿಕೊಳ್ಳುತ್ತೇನೆ. ನಮ್ಮಲ್ಲಿ ಒಬ್ಬ ಹುಡುಗನಿದ್ದಾನೆ, ಏಳು ವರ್ಷ, ಮಾತಿಲ್ಲ. ಅವನು "ನಡಿ" ಎಂಬ ಸನ್ನೆಯನ್ನಾದರೂ ಮಾಡುವ ತನಕ ಕುದುರೆ ಹೊರಡಬಾರದು ಎಂದು ಥೆರಪಿಸ್ಟ್ ಹೇಳಿದ್ದರು. ಮೊದಲ ದಿನ ನಾವು ನಿಂತೆವು. ಮನಸ್ಸಿನಲ್ಲಿ ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಬೇಲಿಯಾಚೆ ಅವನ ತಾಯಿ ಸೆರಗಿನ ಚುಂಗನ್ನು ತಿರುಚುತ್ತಿದ್ದರು. ಹುಡುಗ ಕೊನೆಗೆ ಅಂಗೈಯಿಂದ ಕುದುರೆಯ ಕತ್ತನ್ನು ಒಮ್ಮೆ ತಟ್ಟಿದ. ಹೊರಟೆವು. ಈಗ ಎರಡೋ ಮೂರೋ ಎಣಿಸುವಷ್ಟರಲ್ಲಿ ತಟ್ಟುತ್ತಾನೆ. ಹಗ್ಗ ಹಿಡಿದವರಿಗೆ ಅತಿ ಕಷ್ಟದ ಕೆಲಸ ಇದು, ಸುಮ್ಮನೆ ನಿಂತಿರುವುದು.

ಇನ್ನು ಅಪಾಯದಲ್ಲಿ ಇಳಿಸುವುದು. ಯಾರು ಇಳಿಸಬೇಕೆಂಬುದು ಹತ್ತಿಸುವ ಮೊದಲೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಎಡಗಡೆಯವರು. "ಇಳಿಸಿ" ಎಂಬ ಕೂಗು ಬಿದ್ದೊಡನೆ ಹಗ್ಗದವರು ಕುದುರೆಯನ್ನು ನಿಲ್ಲಿಸಿ ತಲೆಯ ಬಳಿಯೇ ಇರಬೇಕು, ಮಗುವಿನ ಕಡೆ ಓಡಬಾರದು. ಬಲಗಡೆಯವರು ರಿಕಾಪಿನಿಂದ ಪಾದ ಬಿಡಿಸಿ ಕಾಲನ್ನು ಆಚೆಗೆ ದಾಟಿಸಬೇಕು. ಎಡಗಡೆಯವರು ಎರಡೂ ಕೈಯಿಂದ ನಡು ಬಳಸಿ, ಎದೆಗೆ ಒತ್ತಿಕೊಂಡು, ಕುದುರೆಯಿಂದ ದೂರ ನಡೆಯಬೇಕು. ಇದನ್ನು 20 ಕಿಲೋ ಜೋಳದ ಚೀಲ ಇಟ್ಟು ಕಲಿತೆವು. ಹತ್ತು ಸಲ ಮಾಡಿದ ಮೇಲೆ ಹುಡುಗರು, ಸಾಕು ಸರ್, ಜೋಳಕ್ಕೆ ಇನ್ನು ಹೆದರಿಕೆಯಿಲ್ಲ ಎಂದು ನಗುತ್ತಿದ್ದರು.

ಮಾಘ ಮಾಸದ ಒಂದು ಭಾನುವಾರ ನಗೆ ನಿಂತಿತು. ಸೆರೆಬ್ರಲ್ ಪಾಲ್ಸಿಯಿರುವ ಒಂಬತ್ತು ವರ್ಷದ ಹುಡುಗಿ ಮೇಲಿದ್ದಳು. ರಸ್ತೆಯಲ್ಲಿ ಮದುವೆಯ ಬ್ಯಾಂಡು ಬಂತು. ಬಿಜಲಿ ನಮಗೆ ಸಿಗುವ ಮೊದಲು ಆರು ವರ್ಷ ವರರನ್ನು ಹೊತ್ತು ಮೆರೆದ ಕುದುರೆ, ಪಟಾಕಿಗೆ ಕಿವಿಯನ್ನೂ ಆಡಿಸುವುದಿಲ್ಲ. ಆ ಧೈರ್ಯ ನೋಡಿಯೇ ಕೊಂಡಿದ್ದೆ. ಅದಕ್ಕೆ ಕುಣಿತ ಕಲಿಸಿರುತ್ತಾರೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಡೋಲಿನ ಪೆಟ್ಟು ಬಿದ್ದದ್ದೇ ತಡ, ಅದು ಕತ್ತು ಬಾಗಿಸಿ, ನಿಂತಲ್ಲೇ ಮುಂಗಾಲು ಎತ್ತಿ ಎತ್ತಿ ಹೆಜ್ಜೆ ಹಾಕತೊಡಗಿತು. ನಾನು ಹಗ್ಗ ಜಗ್ಗಿದೆ. ಅದು ತಪ್ಪು. ಜಗ್ಗಿದಷ್ಟೂ ತಲೆ ಮೇಲೇರಿತು, ಕಾಲು ಇನ್ನೂ ಎತ್ತರಕ್ಕೆ ಹೋಯಿತು, ಮೆರವಣಿಗೆಯಲ್ಲಿ ಅದಕ್ಕೆ ಸನ್ನೆ ಕೊಡುತ್ತಿದ್ದುದೂ ಹಾಗೆಯೇ. ಥೆರಪಿಸ್ಟ್ "ಇಳಿಸಿ" ಎಂದರು. ಜೋಳದ ಚೀಲದ ಹುಡುಗರು ಒಂದು ಮಾತೂ ಆಡದೆ ಇಳಿಸಿದರು. ನಾನು ಹಗ್ಗ ಸಡಿಲಿಸಿ, ದೊಡ್ಡ ಸುತ್ತಿನಲ್ಲಿ ನಡೆಸಿಕೊಂಡು ಹೋದ ಮೇಲೆ ಬಿಜಲಿ ಶಾಂತವಾಯಿತು. ಹುಡುಗಿ ಜೋರಾಗಿ ಅತ್ತಳು. ಹೆದರಿ ಅಲ್ಲ, ಕುದುರೆ ಕುಣಿಯುತ್ತಿದ್ದಾಗ ಇಳಿಸಿದಿರೆಂದು.

ಆಮೇಲೆ ಎರಡು ತಿಂಗಳು ಬಿಜಲಿ ಕಡಲೆ ತಿನ್ನುವಾಗಲೆಲ್ಲ ಮೊಬೈಲಿನಲ್ಲಿ ಬ್ಯಾಂಡಿನ ಸದ್ದು ಕೇಳಿಸಿದೆವು. ಮೊದಲು ಪಿಸುಮಾತಿನಷ್ಟು, ಕಿವಿ ಸಡಿಲವಾಗಿಯೇ ಉಳಿದರೆ ವಾರಕ್ಕೊಂದಿಷ್ಟು ಹೆಚ್ಚು. ಊರುಗೋಲು, ಗಾಲಿಕುರ್ಚಿ, ಛತ್ರಿ, ಚೆಂಡು, ಪ್ಲಾಸ್ಟಿಕ್ ಚೀಲದ ಚರಚರ ಎಲ್ಲವನ್ನೂ ಇದೇ ರೀತಿ ಪರಿಚಯ ಮಾಡಿಸಬೇಕು. ಈಗ ಡೋಲು ಕೇಳಿದರೆ ಬಿಜಲಿ ಬಕೆಟ್ ಹುಡುಕುತ್ತದೆ. ಆದರೂ ಕ್ಯಾಲೆಂಡರಿನಲ್ಲಿ ಮದುವೆ ಮುಹೂರ್ತವಿರುವ ಭಾನುವಾರ ನಾವು ಏಳು ಗಂಟೆಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸುತ್ತೇವೆ. ಬೇರೆ ಊರಿನಲ್ಲಿ ಇಂಥ ಕೆಲಸಕ್ಕೆ ಮದುವೆ ಕುದುರೆ ಕೊಳ್ಳುವವರು ಮೊದಲು ಡೋಲು ಬಾರಿಸಿ ನೋಡಿ.

ಆಷಾಢದ ಗಾಳಿಗೆ ಎಂಥ ಸಾಧು ಕುದುರೆಯೂ ಬೆಚ್ಚುತ್ತದೆ, ಎಲೆ ಹಾರಿದರೂ ನೆಗೆಯುತ್ತದೆ. ಗಾಳಿ ಜೋರಿದ್ದ ದಿನ ಮಕ್ಕಳಿಂದ ಮೈ ತಿಕ್ಕಿಸುತ್ತೇವೆ, ಹತ್ತಿಸುವುದಿಲ್ಲ. ಮೇವಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಹಸಿ ಜೋಳದ ಮೇವು ಕುದುರೆಗೆ ಬೇಡ. ಅದರಿಂದ ಕುದುರೆಯ ಹಿಂಗಾಲು ತೂರಾಡುವ, ಮೂತ್ರಕೋಶ ಕೆಡುವ ಕಾಯಿಲೆ ಬರುತ್ತದೆ. ಒಣ ಹುಲ್ಲು, ನೆನೆಸಿದ ಕಡಲೆ ಸಾಕು. ಕಾಳು ತಿನ್ನಿಸಿದ ಕೂಡಲೇ ಕೆಲಸಕ್ಕೆ ಹಚ್ಚಬೇಡಿ.

ಇಳಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ಸ್ಪರ್ಶ ತಿಳಿಯದ ಮಕ್ಕಳ ಕೂರುವ ಜಾಗ, ಒಳತೊಡೆ ಕೆಂಪಾಗಿದೆಯೇ ಎಂದು ತಾಯಿಯಿಂದ ನೋಡಿಸಬೇಕು. ಅವರಿಗೆ ನೋವಾಗುವುದಿಲ್ಲ, ಹುಣ್ಣಾಗುತ್ತದೆ. ಜೀನು ತೆಗೆದು ಕುದುರೆಯ ಬೆನ್ನಿನ ಬೆವರಿನ ಗುರುತು ಎರಡು ಬದಿಗೂ ಸಮವಾಗಿದೆಯೇ ನೋಡಿ. ಒಂದು ಕಡೆ ಹೆಚ್ಚಿದ್ದರೆ ಆ ದಿನದ ಮಕ್ಕಳಲ್ಲಿ ಯಾರೋ ಒಂದೇ ಬದಿಗೆ ಕೂತಿದ್ದರು, ನಮಗೆ ತಿಳಿದಿರಲಿಲ್ಲ. ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯಿರಿ. ಕೈ ಸಾಬೂನಿನಿಂದ ತೊಳೆಯಿರಿ, ಮಕ್ಕಳದ್ದೂ ತೊಳೆಯಿಸಿ. ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೆ ಎರಡು ಸಾಲು, ಕುದುರೆಗೆ ಒಂದು ಸಾಲು ಬರೆಯುತ್ತೇನೆ. ಹೋದ ವಾರದ್ದು ಹೀಗಿದೆ: "ಕುಣಿತದ ಹುಡುಗಿ ಜೀನು ಹಿಡಿಯದೆ ಮರದಿಂದ ಮರಕ್ಕೆ. ಎಡಭುಜ ಇನ್ನೂ ಇಳಿದಿದೆ. ಬಿಜಲಿಯ ಹಿಂದಿನ ಬಲಗಾಲಿನ ಲಾಳ ಸಡಿಲ."

ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬದಲಿಸಬೇಕು. ಲಾಳ ಬಡಿಯುವ ನಾಲಬಂದ ಹುಬ್ಬಳ್ಳಿಯಿಂದ ಬರಬೇಕು, ಅವರಿಗೆ ಬಿಡುವು ಸಿಗುವುದೂ ಭಾನುವಾರವೇ. ಅವರು ಬರುವ ಭಾನುವಾರ ಮಕ್ಕಳಿಗೆ ಸವಾರಿ ಇರುವುದಿಲ್ಲ. ಶನಿವಾರ ಸಂಜೆಯೇ ಎಲ್ಲರ ಮನೆಗೂ ಫೋನ್ ಮಾಡಿ ತಿಳಿಸುತ್ತೇನೆ. ಆದರೂ ಲಾಳ ಬಡಿಯುವುದನ್ನು ನೋಡಲು ನಾಲ್ವರಲ್ಲಿ ಮೂವರು ಬಂದೇ ಬರುತ್ತಾರೆ.